ಇದ್ದೀನಿ ಎಂದ ಸರ್ವರ್

ಬಿಲ್ವಪತ್ರೆ ಏರಿಸಲು ಬಗ್ಗಿದ ನಂದಾ, ಮಲ್ಲಿಕಾರ್ಜುನ ಕರೆದದ್ದು ಕೇಳಿ ಅಲ್ಲೇ ನಿಂತಳು. ಅಕ್ಕಲಕೋಟೆಯ ಮನೆಯಂಗಳದಲ್ಲಿ ಸಾತಲಿಂಗಪ್ಪನವರ ದೇಹವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಸೊಲ್ಲಾಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಕೆಲಸ ಅವರದು. ನಂದಾ ಅವರ ಸಹಾಯಕಿ, ಮಲ್ಲಿಕಾರ್ಜುನ ಗುಮಾಸ್ತ.

"ಪರೀಕ್ಷಾ ಫಾರ್ಮ್ ಹೋಗವಲ್ಲವು. ಇವತ್ತ ಶೇವಟದ ದಿವಸ, ನಾಳಿಗೆ ತಗೋಳಾಂಗಿಲ್ಲ. ಹುಡುಗ್ರು ಫೋನ್ ಮ್ಯಾಲ ಫೋನ್ ಮಾಡಾಕತ್ತಾರ."

"ಸಾಹೇಬ್ರು ಇಲ್ಲೇ ಕುಂತಾರಲ್ಲ, ಅವರನ್ನ ಕೇಳ್ರಿ," ಹಿಂದೆ ಯಾರೋ ಗೊಣಗಿದರು.

"ಹೆಣಾ ಮುಂದಿಟಗೊಂಡು ಕಾಲೇಜಿನ ಮಾತ? ನಾಚಿಕಿ ಐತೇನ ನಿಮಗ?" ಸಾತಲಿಂಗಪ್ಪನವರ ಅಕ್ಕ ಗಂಗುಬಾಯಿ ಗದರಿದರು.

ಹೆಂಡತಿ ಶಾರದಾಬಾಯಿ ತಲೆ ಎತ್ತಿದರು. "ಒಳಗ ಅವರ ಲ್ಯಾಪ್‌ಟಾಪ್ ಐತಿ. ಹೋಗವಾ, ಎತ್ತೂದಕ್ಕ ಇನ್ನಾ ಟೈಮ್ ಐತಿ."

*

ವಿದ್ಯಾರ್ಥಿಗಳನ್ನು ಎರಡು ಸರ್ವರ್‌ಗಳಿಗೆ ಹಂಚುವ ಸ್ಕ್ರಿಪ್ಟ್ ಬರೆದವರು ಸಾತಲಿಂಗಪ್ಪನವರೇ. ಅದು ಆಗಾಗ ಎರಡನ್ನೂ ‘ಇದ್ದೀಯಾ?’ ಎಂದು ಕೇಳುತ್ತಿತ್ತು. ಒಂದು ಉತ್ತರಿಸದಿದ್ದರೆ ಎಲ್ಲರನ್ನೂ ಇನ್ನೊಂದರ ಕಡೆ ಕಳಿಸುತ್ತಿತ್ತು. ನಿನ್ನೆ ಒಂದು ಸರ್ವರ್ ‘ಇದ್ದೀನಿ’ ಎನ್ನುತ್ತಲೇ ಬಂದ ಫಾರ್ಮ್‌ಗಳನ್ನೆಲ್ಲ ಎರರ್ ತೋರಿಸಿ ತಿರುಗಿಸಿತ್ತು.

"ಖೋಟಾ ಮಾತಾಡತೈತ್ರಿ ಇದು," ಎಂದಿದ್ದಳು ನಂದಾ.

"ಇಲ್ಲವಾ, ಇದ್ದದ್ದಂತೂ ಖರೆ. ನಾ ಕೇಳೂದರಾಗ ಚೂಕ ಆಗೇತಿ. ಸುಳ್ಳ ಫಾರ್ಮ್ ಒಂದ ಕೊಟ್ಟು, ತಗೋತೈತೇನ ನೋಡಬೇಕಿತ್ತು. ನಾಳೆ ಬರೀತೀನಿ." ಸರ್ವರನ್ನು ಬಂದ್ ಮಾಡಿ, ಮತ್ತೆ ಚಾಲೂ ಮಾಡಿ, ಸದ್ಯಕ್ಕೆ ಫಾರ್ಮ್ ಹೋಗುವಂತಾದ ಮೇಲೆ ಎದ್ದರು.

ಮೆಟ್ಟಿಲ ಮೇಲೆ ಗೋಡೆ ಹಿಡಿದು ನಿಂತರು.

"ಆರಾಮ ಅದೀರಿ, ಸರ್?"

"ಅದೀನವಾ. ನೀ ನಡಿ, ಬಸ್ ತಪ್ಪತೈತಿ."

ಅವಳು ನಡೆದಿದ್ದಳು. ಬೆಳಗಾಗುವುದರೊಳಗೆ ಅವರ ಎದೆಬಡಿತ ನಿಂತಿತ್ತು.

*

ಒಳಕೋಣೆಯಲ್ಲಿ ನಂದಾ ಅವರು ಬರೆಯದೆ ಉಳಿಸಿದ್ದ ಆ ಸಾಲುಗಳನ್ನು ಬರೆದಳು. ಮೊದಲು ಸುಳ್ಳು ಫಾರ್ಮ್ ಕೊಡು. ಎರರ್ ಬಂದರೆ ಆ ಸರ್ವರ್ ಬಿಟ್ಟು ಎಲ್ಲರನ್ನೂ ಇನ್ನೊಂದಕ್ಕೆ ಕಳಿಸು. ಸ್ಕ್ರಿಪ್ಟ್ ಓಡಲಿಲ್ಲ. ತಿದ್ದಿದಳು. ಮತ್ತೆ ಓಡಲಿಲ್ಲ. ಅಂಗಳದಲ್ಲಿ ಭಜನೆ ಏರಿತು.

"ಎತ್ತಾಕತ್ತಾರ, ನಂದಾ," ಬಾಗಿಲಲ್ಲಿ ಮಲ್ಲಿಕಾರ್ಜುನ. "ಪತ್ರಿ ಏರಸೂದಿದ್ರ ಈಗ ಬಾ."

ಅವಳು ಕಣ್ಣೆತ್ತಲಿಲ್ಲ. "ನೀವ ನಡೀರಿ."

ಭಜನೆ ಓಣಿ ದಾಟುವ ಹೊತ್ತಿಗೆ ಮೊದಲ ಫಾರ್ಮ್ ಹೋಯಿತು. ಬೆನ್ನಿಗೇ ಇನ್ನೊಂದು, ಮತ್ತೊಂದು.

ಹೊರಗೆ ಅಂಗಳ ಖಾಲಿಯಾಗಿತ್ತು. ಎತ್ತುವಾಗ ತಲೆಸುತ್ತಿ ಬಿದ್ದ ಶಾರದಾಬಾಯಿಯನ್ನು ಕಂಬದ ಬುಡದಲ್ಲಿ ಕೂರಿಸಿದ್ದರು. ಗಂಗುಬಾಯಿ ಹಿತ್ತಲಲ್ಲಿ ನೀರು ತುಂಬುತ್ತಿದ್ದರು.

"ಹೋದವೇನವಾ ಹುಡುಗ್ರ ಫಾರ್ಮ್?" ಶಾರದಾಬಾಯಿ ಕೇಳಿದರು.

"ಹೋಗಾಕತ್ತಾವ್ರಿ."

"ಚಲೋ ಆತು. ನಾ ಬರೋಬ್ಬರ ಅದೀನಿ. ನೀ ಓಡು, ಮಣ್ಣ ಕೊಡೂದಕ್ಕ ಸಿಗತೀ."

ನಂದಾ ಓಡಲಿಲ್ಲ. ತಂಬಿಗೆಯಿಂದ ಲೋಟಕ್ಕೆ ನೀರು ಬಗ್ಗಿಸಿ ಅವರ ಕೈಗೆ ಕೊಟ್ಟಳು. ಬೆರಳುಗಳು ಲೋಟವನ್ನು ಹಿಡಿಯಲೇ ಇಲ್ಲ. ನೀರು ಮಡಿಲಿಗೆ ಹರಿಯಿತು. ಅವಳು ಪಕ್ಕದಲ್ಲಿ ಕುಳಿತಳು. ಉಳಿದ ನೀರನ್ನು ತಾನೇ ಹಿಡಿದು ಅವರ ತುಟಿಗೆ ಹಚ್ಚಿದಳು.