ಬ್ರೇಕ್ ಮೇಡಂ ಮತ್ತು ಮೂರು ಪಾಯಿಂಟ್ ಎಂಟು ಸೆಕೆಂಡು

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಮೊದಲ ಕರಡು ಹೀಗಿತ್ತು: "ಸದ್ದೇ ಇಲ್ಲದ ಕಾರೊಂದು ಮಂಜಿನೊಳಗಿಂದ ಮೆಲ್ಲಗೆ ಹೊರಬಂತು." ಮಂಜು ಯಾಕೆ ಬಂತು ಅಂತ ಕೇಳಬೇಡಿ. ಏನೂ ತೋಚದಾಗ ಬರೆಯುವವರು ಮಂಜು ಕವಿಸುತ್ತಾರೆ. ಹೊಡೆದುಹಾಕಿದೆ.

ಎರಡನೆಯ ಕರಡಿನಲ್ಲಿ ಒಂದು ಪಟ್ಟಿಯಿತ್ತು. ಒಂದೇ ಎಲೆಕ್ಟ್ರಿಕ್ ಕಾರಿನ ಮೂರು ವೇರಿಯಂಟುಗಳು, ಬ್ಯಾಟರಿ ಎಷ್ಟು, ಮೋಟಾರು ಎಷ್ಟು, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು. ನಾಲ್ಕನೆಯ ಸಾಲು ಬರುವಷ್ಟರಲ್ಲಿ ನೀವು ಕಾಲಿಗೆ ಬುದ್ಧಿ ಹೇಳುತ್ತೀರಿ ಅನ್ನಿಸಿ ಅದನ್ನೂ ಕೈಬಿಟ್ಟೆ. ಕಾರು ಆಮೇಲೆ ಬರಲಿ. ಮನುಷ್ಯರು ಮೊದಲು.

೧

ಮೇಡಂಗೆ ಐವತ್ತಾರು ವರ್ಷ. ಮೂವತ್ತು ವರ್ಷದಿಂದ ಡ್ರೈವಿಂಗ್ ಕಲಿಸುತ್ತಿದ್ದಾರೆ. ಕಲಿಯುವವರು ಸ್ಟೀರಿಂಗ್ ಹಿಡಿದರೆ ಇವರು ಪಕ್ಕದ ಸೀಟಿನಲ್ಲಿ, ಪಾದದ ಕೆಳಗೆ ಇನ್ನೊಂದು ಬ್ರೇಕು. ಊರಿನ ಅರ್ಧಕ್ಕರ್ಧ ಜನ ಇವತ್ತು ಕೈಕಾಲು ನೆಟ್ಟಗೆ ಇಟ್ಟುಕೊಂಡು ಓಡಾಡುತ್ತಿರುವುದು ಆ ಬ್ರೇಕಿನ ಪುಣ್ಯದಿಂದ. ಹಾಗಾಗಿ ಎಲ್ಲರ ಬಾಯಲ್ಲೂ ಅವರು 'ಬ್ರೇಕ್ ಮೇಡಂ'. ಹಲ್ಲಿನ ಡಾಕ್ಟರು ಕೂಡ ಹಳೆಯ ಶಿಷ್ಯನೇ. ಡ್ರಿಲ್ ಹಿಡಿದು ಬಗ್ಗಿ, "ಹೆದರಬೇಡಿ ಮೇಡಂ, ನೀವು ಹೇಳ್ಕೊಟ್ಟ ಹಾಗೇ ನಿಧಾನಕ್ಕೆ ಬಿಡ್ತೀನಿ" ಅನ್ನುತ್ತಾನೆ.

(ಮೂವತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತವರ ಬಲಗಾಲು ಅವರ ಮಾತು ಕೇಳುವುದಿಲ್ಲ. ಬಸ್ಸಿನಲ್ಲಿ ಹೋಗುವಾಗಲೂ ಪ್ರತಿ ತಿರುವಿನಲ್ಲಿ ಮೇಡಂ ನೆಲ ಒತ್ತುತ್ತಾರೆ. ಲಿಫ್ಟಿನಲ್ಲೂ ಒತ್ತುವುದನ್ನು ನೋಡಿದವರಿದ್ದಾರೆ.)

ಆ ತಿಂಗಳು ಅವರ ಹಳೆಯ ಕಾರಿನ ಕ್ಲಚ್ಚು ಮೂರನೆಯ ಸಲ ಕೈಕೊಟ್ಟಿತು. ಮೆಕ್ಯಾನಿಕ್ ಬಾನೆಟ್ ಮುಚ್ಚಿ, ಕೈ ಒರೆಸಿಕೊಂಡು, "ಮೇಡಂ, ಇದಕ್ಕೆ ಇನ್ನು ರಿಟೈರ್‌ಮೆಂಟು ಕೊಟ್ಬಿಡಿ" ಅಂದ. ಅರ್ಧ ಕಲಿತ ಹನ್ನೊಂದು ಜನ ಕಾಯುತ್ತಿದ್ದರು. ಅರ್ಧ ಕಲಿತವರನ್ನು ಬಹಳ ದಿನ ಬಿಡುವಂತಿಲ್ಲ. ಭಯ ಹೊಸದಾಗಿ ಚಿಗುರುತ್ತದೆ.

ಡ್ರೈವಿಂಗ್ ಶಾಲೆಯ ಕಾಗದಪತ್ರ ನೋಡಿಕೊಳ್ಳುವ ತಮ್ಮನಿಗೆ ಮಾತ್ರ ಹಬ್ಬ. ಮೂರು ವಾರ ಊಟ, ನಿದ್ದೆ ಬಿಟ್ಟು ವಿಡಿಯೋ ನೋಡಿದ.

"ಅಕ್ಕಾ, ಎಲೆಕ್ಟ್ರಿಕ್ಕೇ ತಗೊಳ್ಳೋಣ. ಅದರಲ್ಲೂ ಟಾಪ್ ಎಂಡ್! ಸೊನ್ನೆಯಿಂದ ನೂರಕ್ಕೆ ಮೂರು ಪಾಯಿಂಟ್ ಎಂಟು ಸೆಕೆಂಡು!"

"ನೂರು ಮುಟ್ಟಿ ಏನ್ ಮಾಡತ್ತೆ?"

"ಏನ್ ಮಾಡತ್ತೆ ಅಂದ್ರೆ?"

"ಊರ ತುಂಬಾ ಐವತ್ತರ ಬೋರ್ಡಿದೆ. ಉಳಿದ ಐವತ್ತನ್ನ ಎಲ್ಲಿಟ್ಕೊಳ್ಳೋದು, ಬೀರುವಲ್ಲಾ?"

೨

ಷೋರೂಮಿನ ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಮೇಡಂ ಚಪ್ಪಲಿ ಬಿಡಬೇಕೋ ಅಂತ ಒಂದು ಕ್ಷಣ ನಿಂತರು. ಒಂದೇ ಬಣ್ಣದ ಮೂರು ಕಾರು, ಪಕ್ಕಪಕ್ಕ. ಅವುಗಳ ಮುಂದೆ ಫೈಲು ಹಿಡಿದ ಒಬ್ಬ ಹೆಂಗಸು, ಮೂವತ್ತರ ಆಸುಪಾಸು. ಇವರನ್ನು ನೋಡಿದ್ದೇ ತಡ, ಅವಳ ಮುಖದ ನಗು ಅರ್ಧಕ್ಕೆ ನಿಂತಿತು.

ಮೇಡಂ ಮುಖ ನೋಡಲಿಲ್ಲ, ಕಾಲು ನೋಡಿದರು. ಎಡ ಮಂಡಿ ಸಣ್ಣಗೆ ನಡುಗುತ್ತಿತ್ತು.

"ಕ್ಲಚ್ಚು!" ಅಂದರು ಮೇಡಂ. "ಮೂರು ಸಲ ಫೇಲು, ನಾಲ್ಕನೇ ಸಲ ಪಾಸು. ಎಂಟು ವರ್ಷ ಆಯ್ತಲ್ವಾ?"

"ಒಂಬತ್ತು, ಮೇಡಂ."

"ಈಗ ಕಾರೇ ಮಾರ್ತಿದೀಯ! ಭೇಷ್."

ಅವಳು ನಕ್ಕಳು, ಆದರೆ ಫೈಲನ್ನು ಎದೆಗೆ ಒತ್ತಿಕೊಂಡಳು. (ಇಲ್ಲಿ ಒಂದು ಗುಟ್ಟಿದೆ. ಒಂದು ಪುಟ ತಡೆಯಿರಿ.)

ವಿವರಿಸಲು ನಿಂತಾಗ ಮಾತ್ರ ಅವಳ ನಡುಕ ಹೋಯಿತು. ಅಂಕಿಗಳು ನಾಲಿಗೆಯ ತುದಿಯಲ್ಲೇ ಇದ್ದವು.

"ಮೂರೂ ಒಂದೇ ತಾಯಿ ಮಕ್ಕಳು ಮೇಡಂ. ಬಾಡಿ, ಬಾಗಿಲು ಎಲ್ಲಾ ಒಂದೇ. ಗುಣ ಬೇರೆ. ಬೇಸ್ ಮಾಡೆಲ್‌ಗೆ ಸಣ್ಣ ಬ್ಯಾಟರಿ, ಹಿಂದ್ಗಡೆ ಒಂದು ಮೋಟಾರು. ಪೂರ್ತಿ ಚಾರ್ಜಿಗೆ ನಾನೂರು ಕಿಲೋಮೀಟರು. ಮಿಡ್‌ಗೂ ಒಂದೇ ಮೋಟಾರು, ಬ್ಯಾಟರಿ ದೊಡ್ಡದು, ಐನೂರಾ ನಲವತ್ತು. ಟಾಪ್ ಎಂಡ್‌ಗೆ ಅದೇ ದೊಡ್ಡ ಬ್ಯಾಟರಿ, ಮುಂದೊಂದು ಹಿಂದೊಂದು ಮೋಟಾರು. ನಾನೂರಾ ಎಂಬತ್ತು."

"ಇರು. ಎಲ್ಲಕ್ಕಿಂತ ಮೇಲಿನದು, ನಡುವಿನದಕ್ಕಿಂತ ಕಮ್ಮಿ ದೂರ ಹೋಗತ್ತಾ?"

"ಹೌದು ಮೇಡಂ. ಎರಡನೇ ಮೋಟಾರಿನ ಭಾರ. ಮೇಲೆ ಚಕ್ರಾನೂ ದೊಡ್ಡದು, ಅಗಲ. ಅದು ಬ್ಯಾಟರಿ ತಿನ್ನತ್ತೆ."

"ಮೂಗಿಗಿಂತ ಮೂಗುತಿ ಭಾರ."

ತಮ್ಮ ತಡೆಯಲಾರದೆ ಬಾಯಿ ಹಾಕಿದ. "ಸೆಕೆಂಡು ಹೇಳಿ, ಸೆಕೆಂಡು!"

"ನೂರು ಮುಟ್ಟೋಕೆ ಬೇಸ್‌ಗೆ ಏಳು ಪಾಯಿಂಟ್ ಆರು, ಮಿಡ್‌ಗೆ ಆರು ಪಾಯಿಂಟ್ ಒಂಬತ್ತು, ಟಾಪ್‌ಗೆ ಮೂರು ಪಾಯಿಂಟ್ ಎಂಟು."

"ನಮ್ಮ ಹಳೇದಕ್ಕೆ ಎಷ್ಟಿತ್ತೋ?" ಎಂದು ಮೇಡಂ ತಮ್ಮನನ್ನು ಕೇಳಿದರು.

"ಹದಿನಾರು," ಅಂದ ಅವನು, ನಾಚಿಕೆಯಾದವನಂತೆ.

"ಆ ಹದಿನಾರರಲ್ಲೇ ಮೊದಲ ದಿನದವರು ನನ್ನ ಜೀವ ಬಾಯಿಗೆ ತರ್ತಾರೆ. ಬೇಸೇ ಅದರ ಎರಡರಷ್ಟು ಚುರುಕು. ದಿನಕ್ಕೆ ನಾವು ಓಡಿಸೋದು ನೂರಿಪ್ಪತ್ತು ಕಿಲೋಮೀಟರು, ಅದೂ ಸುತ್ತಿದ್ದೇ ಸುತ್ತು. ಮೂರು ದಿನಕ್ಕೊಮ್ಮೆ ಚಾರ್ಜು ಹಾಕಿದ್ರೆ ಸಾಕಲ್ಲ."

೨ (ಮತ್ತೆ, ಯಾಕೆಂದರೆ ತಮ್ಮ ತಕರಾರು ತೆಗೆದ)

"ಸ್ವಾಮಿ, ಬರೆಯೋರೇ," ಅಂದ ತಮ್ಮ, ಪುಟದಿಂದ ತಲೆಯೆತ್ತಿ, "ನನ್ನನ್ನ ಬರೀ ಸ್ಪೀಡಿನ ಹುಚ್ಚ ಅಂತ ಬರೆದು ಕೈ ತೊಳ್ಕೊಂಡಿದ್ದೀರಿ."

ಮತ್ತೇನು ಬರೆಯಲಿ?

"ಅಕ್ಕ ಮೂವತ್ತು ವರ್ಷದಿಂದ ಇನ್ನೊಬ್ಬರು ಓಡಿಸೋ ಕಾರಲ್ಲಿ ಕೂತಿದ್ದಾಳೆ. ತನಗೋಸ್ಕರ ಒಂದು ದಿನ, ಒಂದು ರಸ್ತೇಲೂ ಕಾರು ಓಡಿಸಿಲ್ಲ. ಮನೆಗೆ ಬಂದ್ರೆ ಬೆನ್ನಿಗೆ ಎಣ್ಣೆ ಹಚ್ಕೊಂಡು ಮಲಗ್ತಾಳೆ. ಒಂದೇ ಒಂದ್ಸಲ ಅವಳು ಕೂಗಿ ನಗೋದನ್ನ ನೋಡ್ಬೇಕು ಅಂತ ನಂಗೆ. ಆ ಮೂರು ಪಾಯಿಂಟ್ ಎಂಟು ಅವಳಿಗೆ, ಶಾಲೆಗಲ್ಲ."

ಆ ಮಾತನ್ನು ಅಕ್ಕನ ಮುಂದೆಯೇ ಹೇಳಬಾರದಿತ್ತೇ ಎಂದೆ. "ಅವಳ ಹತ್ರ ಇಂಥದ್ದೆಲ್ಲಾ ಹೇಳೋಕಾಗತ್ತಾ? ಬ್ರೇಕ್ ಹಾಕ್ಬಿಡ್ತಾಳೆ," ಅಂದು ಕಥೆಯೊಳಕ್ಕೆ ಹೋದ.

೩

ಅಲ್ಲಿ ಮೇಡಂ ಕಾಣಿಸುತ್ತಿರಲಿಲ್ಲ. ಟಾಪ್ ಎಂಡ್ ಕಾರಿನ ಪಕ್ಕದ ಬಾಗಿಲು ತೆರೆದಿತ್ತು. ಹೊರಗೆ ಎರಡು ಪಾದ ಮಾತ್ರ. ಅವರು ಸೀಟಿನ ಮುಂದೆ ಮಂಡಿಯೂರಿ, ಕಾಲಿಡುವ ಜಾಗದೊಳಕ್ಕೆ ತಲೆ ತೂರಿಸಿ, ಕೈಚೀಲದ ಟೇಪು ಹಿಡಿದು ಅಳೆಯುತ್ತಿದ್ದರು.

"ಇದೇನೇ ಈ ಉಬ್ಬು?" ದನಿ ಡಬ್ಬಿಯೊಳಗಿಂದ ಬಂದ ಹಾಗಿತ್ತು.

"ಸ್ಪೀಕರ್ ಮೇಡಂ, ದಪ್ಪ ದನಿಗೆ. ಮಿಡ್‌ನಲ್ಲೂ ಟಾಪ್‌ನಲ್ಲೂ ಬರತ್ತೆ."

"ಬೇಸ್‌ನಲ್ಲಿ?"

"ಬರಲ್ಲ, ಮೇಡಂ. ಅದರಲ್ಲಿ ಹಾಡು ಸುಮಾರಾಗಿ ಕೇಳತ್ತೆ."

ಮೇಡಂ ಹೊರಬಂದರು. ಕೂದಲು ಕೆದರಿತ್ತು, ಮುಖದಲ್ಲಿ ಗೆದ್ದ ಕಳೆ. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇಲ್ಲಿ ಚಾಚೋಕೇ ಜಾಗ ಇಲ್ಲ. ನನ್ನ ಬ್ರೇಕು ಎಲ್ಲಿ ಕೂರಿಸೋದು? ಬೇಸ್ ತಗೊಳ್ಳೋಣ."

ಅಲ್ಲಿಗೆ ಮುಗಿಯಿತು. ಮೂರು ವಾರದ ವಿಡಿಯೋಗಳಲ್ಲಿ ಒಂದರಲ್ಲೂ ಆ ಜಾಗ ಅಳೆದಿರಲಿಲ್ಲ. ಮೇಡಂ ಕಾಗದಕ್ಕೆ ಸಹಿ ಹಾಕಿದರು. ತಮ್ಮ, ಪೆನ್ನಿನ ಮುಚ್ಚಳ ಹಾಕುತ್ತಾ, ಯಾರಿಗೂ ಹೇಳಿದ್ದಲ್ಲವೆಂಬಂತೆ, "ಟಾಪ್ ಎಂಡ್ ಒಂದ್ಸಲ ಓಡಿಸಿ ನೋಡು ಅಕ್ಕಾ. ಸುಮ್ನೆ," ಅಂದ.

"ಯಾಕೆ?"

"ಸುಮ್ನೆ ಅಂದ್ನಲ್ಲ."

ಅವರು ತಮ್ಮನ ಮುಖ ನೋಡಿದರು. ಏನು ಕಂಡಿತೋ. "ಆಯ್ತು, ನಡಿ," ಅಂದರು.

೪

ಊರಾಚೆ, ಗೋದಾಮಿನ ಹಿಂದೆ, ಷೋರೂಮಿನವರದೇ ಒಂದೂವರೆ ಕಿಲೋಮೀಟರಿನ ನೇರ ರಸ್ತೆ. ಗೇಟಿದೆ, ಬೇರೆ ಗಾಡಿ ಬರುವುದಿಲ್ಲ. ಸ್ಟೀರಿಂಗಿನ ಹಿಂದೆ ಮೇಡಂ, ಪಕ್ಕದಲ್ಲಿ ಷೋರೂಮಿನವಳು, ಹಿಂದೆ ತಮ್ಮ.

(ಕಥೆಗೆ ಇಲ್ಲೊಂದು ಅಪಘಾತ ಬೇಕು ಅನ್ನಿಸಿತು. ಸಣ್ಣದು. ಒಂದು ನಾಯಿ ಅಡ್ಡ ಬರಲಿ ಅಂತ ಬರೆದೂ ಬಿಟ್ಟೆ. ಮೇಡಂ ಕನ್ನಡಿಯಲ್ಲಿ ನನ್ನನ್ನು ನೋಡಿ, "ಮೂವತ್ತು ವರ್ಷದಲ್ಲಿ ನನ್ನ ಕಾರಿಗೆ ಏನೂ ಅಡ್ಡ ಬಂದಿಲ್ಲ. ನಿಮ್ಮ ಕಥೆಗೋಸ್ಕರ ಬರೋದೂ ಬೇಡ" ಅಂದರು. ನಾಯಿಯನ್ನು ಮನೆಗೆ ಕಳಿಸಿದೆ.)

ಮೇಡಂ ಸೀಟು ಸರಿಮಾಡಿಕೊಂಡರು. ಕನ್ನಡಿ ನೋಡಿದರು. ಬೆಲ್ಟು ಎಳೆದು ನೋಡಿದರು. ಹಿಂದಿನವನ ಬೆಲ್ಟೂ ಕೇಳಿದರು. ಆಮೇಲೆ ಪೆಡಲನ್ನು ಪೂರ್ತಿ ಒತ್ತಿದರು.

ಗೇರು ಬದಲಾಗುವ ಜರ್ಕಿಲ್ಲ, ಎಂಜಿನ್ನಿನ ಗೋಳಿಲ್ಲ. ಯಾರೋ ದೊಡ್ಡ ಅಂಗೈಯಲ್ಲಿ ಬೆನ್ನು ಹಿಡಿದು ತಳ್ಳಿದ ಹಾಗಾಯಿತು. ರಸ್ತೆಯ ಬದಿಯ ಕಂಬಗಳು ಒಟ್ಟಿಗೆ ಸೇರಿ ಬೇಲಿಯಾದವು. ತಮ್ಮ ಎಣಿಸುತ್ತಿದ್ದ, "ಒಂದು, ಎರಡು, ಮೂ..." ಅಷ್ಟರಲ್ಲಿ ಮುಂದಿನ ಸೀಟಿನಿಂದ ಒಂದು ಕೂಗು ಬಂತು. ಕೂಗು ಮೇಲಕ್ಕೆ ಹೋಗಿ, ಅಲ್ಲೇ ಒಡೆದು, ನಗುವಾಗಿ ಕೆಳಗಿಳಿಯಿತು. ರಸ್ತೆಯ ಕೊನೆಯಲ್ಲಿ ಕಾರು ನಿಂತ ಮೇಲೂ ಮೇಡಂ ನಗುತ್ತಲೇ ಇದ್ದರು. ಕಣ್ಣಲ್ಲಿ ನೀರು ಬರುವಷ್ಟು, ಸ್ಟೀರಿಂಗಿಗೆ ಹಣೆ ಹಚ್ಚಿ.

"ಅಯ್ಯೋ ನನ್ನಪ್ಪಾ! ಇದಕ್ಕಾ ನೀನು ಮೂರು ವಾರ ಒದ್ದಾಡಿದ್ದು?"

ತಮ್ಮ ಕಿಟಕಿಯಾಚೆ ನೋಡುತ್ತಾ ಮೂಗು ಒರೆಸಿಕೊಂಡ.

"ಇನ್ನೊಂದ್ಸಲ," ಅಂದರು ಮೇಡಂ. ಇನ್ನೊಂದಲ್ಲ, ನಾಲ್ಕು ಸಲ ಆಯಿತು. ಆಮೇಲೆ ಕಾರು ನಿಲ್ಲಿಸಿ, ಬಾಗಿಲು ತೆಗೆದು, ಪಕ್ಕದವಳಿಗೆ ಹೇಳಿದರು: "ಬಾ, ಈಗ ನೀನು ಓಡಿಸು. ವಾಪಸ್ ಷೋರೂಮಿಗೆ."

ಅವಳ ಎಡ ಮಂಡಿ ಮತ್ತೆ ಶುರುವಾಯಿತು. "ಬೇಡ ಮೇಡಂ."

"ಯಾಕೆ?"

ಈಗ ಆ ಗುಟ್ಟು. ಲೈಸೆನ್ಸು ಬಂದ ಮೇಲೆ ಅವಳು ರಸ್ತೆಗೆ ಇಳಿದೇ ಇಲ್ಲ. ಎರಡು ವರ್ಷದಿಂದ ಗಿರಾಕಿಗಳ ಪಕ್ಕದಲ್ಲಿ ಕೂತು ಸೆಕೆಂಡು ಹೇಳುತ್ತಾಳೆ, ಸ್ಟೀರಿಂಗ್ ಮುಟ್ಟುವುದಿಲ್ಲ. ಯಾರಿಗೂ ಗೊತ್ತಿಲ್ಲ. ಆದರೆ ಬರುವ ತಿಂಗಳಿಂದ, ಮಾರಿದ ಕಾರನ್ನು ಮಾರಿದವರೇ ಗಿರಾಕಿಯ ಮನೆಗೆ ಓಡಿಸಿಕೊಂಡು ಹೋಗಿ ಕೊಡಬೇಕು ಅಂತ ಮ್ಯಾನೇಜರು ನಿಯಮ ಮಾಡಿದ್ದಾರೆ. ಕೆಲಸ ಬಿಡುವ ಪತ್ರ ಅವಳ ಫೈಲಿನಲ್ಲೇ ಇದೆ.

"ನಾಲ್ಕನೇ ಸಲ ಪಾಸಾಗಿದ್ದೂ ಅದೃಷ್ಟ ಮೇಡಂ. ನಂಗೇ ಗೊತ್ತು."

ಮೇಡಂ ಸಮಾಧಾನ ಹೇಳಲಿಲ್ಲ. ಅವಳ ಕಾಲನ್ನೇ ನೋಡುತ್ತಾ ಕೇಳಿದರು, "ಈ ಕಾರಲ್ಲಿ ಕ್ಲಚ್ ಎಲ್ಲಿದೆ?"

"ಇಲ್ಲ, ಮೇಡಂ."

"ಹಾಗಾದ್ರೆ ಎಡಗಾಲಿಗೆ ಏನ್ ಕೆಲಸ?"

"ಏನೂ ಇಲ್ಲ."

"ನಡುಗಿದ್ರೆ ನಡುಗ್ಕೊಳ್ಳಲಿ ಬಿಡು, ಪಾಪ. ಹೆದರಿ ಬಲಗಾಲು ಎತ್ತಿದ್ರೆ ಏನಾಗತ್ತೆ? ನೀನೇ ಹೇಳು, ನೀನೇ ತಾನೆ ಮಾರೋಳು."

"ಮೋಟಾರೇ ಹಿಡಿದು ನಿಧಾನ ಮಾಡತ್ತೆ."

"ಈ ಹುಚ್ಚು ಕುದುರೆ ಮೆತ್ತಗಾಗೋ ಬಟನ್ನು?"

ಅವಳು ಪರದೆ ಮುಟ್ಟಿದಳು. 'ಸೌಮ್ಯ' ಅನ್ನುವ ಮೋಡು ಹಸಿರಾಯಿತು. "ಇದು ಹಾಕಿದ್ರೆ ಟಾಪ್ ಎಂಡೂ ಬೇಸ್ ಥರಾನೇ ಓಡತ್ತೆ," ಅಂದಳು ಅಭ್ಯಾಸಬಲದಿಂದ. ಅಂದ ಮೇಲೆ, ತನ್ನ ಮಾತು ತನಗೇ ಈಗ ಕೇಳಿಸಿತೇನೋ ಎಂಬಂತೆ ಆ ಹಸಿರು ಅಕ್ಷರವನ್ನೇ ಇನ್ನೊಮ್ಮೆ ನೋಡಿದಳು. ಆಮೇಲೆ ಇಳಿದು, ಕಾರನ್ನು ಸುತ್ತಿ ಬಂದು, ಸ್ಟೀರಿಂಗಿನ ಹಿಂದೆ ಕೂತಳು.

೫

ಗೇಟು ದಾಟಿ ಕಾರು ದೊಡ್ಡ ರಸ್ತೆಗೆ ಬಂತು. ಎದುರಿಗೆ ಲಾರಿ. ಮೇಡಂ ಅವರ ಬಲಗಾಲು ತಾನಾಗಿ ಒತ್ತಿತು: ಢಣ್! ಸ್ಪೀಕರ್.

"ಅಕ್ಕಾ, ಅದು ಬ್ರೇಕಲ್ಲ," ಅಂದ ತಮ್ಮ.

ಸೈಕಲ್ಲು. ಢಣ್. ರಸ್ತೆ ದಾಟುವ ಮುದುಕರು. ಢಣ್, ಢಣ್. ಪ್ರತಿ ಸದ್ದಿಗೂ ಓಡಿಸುವವಳ ಹೆಗಲು ಕುಗ್ಗುತ್ತಿತ್ತು. ಮೇಡಂಗೆ ಅದು ಕಂಡಿತು. ಹೆದರುತ್ತಿರುವವಳು ಅವಳು, ಆದರೆ ಹೆದರಿಸುತ್ತಿರುವುದು ತನ್ನ ಕಾಲು. ಮೂವತ್ತು ವರ್ಷದಲ್ಲಿ ಹೀಗೆ ಹೊಳೆದಿರಲಿಲ್ಲ. ಅವರು ಎರಡೂ ಪಾದಗಳನ್ನು ಹಿಂದಕ್ಕೆಳೆದು, ಸೀಟಿಗೆ ಒತ್ತಿ ಇಟ್ಟುಕೊಂಡರು. ಕೈಗಳನ್ನು ತೊಡೆಯ ಮೇಲೆ ಇಟ್ಟರು. ಇನ್ನೊಂದು ಲಾರಿ ಬಂತು. ಹಲ್ಲು ಕಚ್ಚಿಕೊಂಡರು. ಲಾರಿ ಹೋಯಿತು.

ಸದ್ದಿಲ್ಲ. ಟೈರಿನ ಸರಸರ ಮಾತ್ರ. ಓಡಿಸುವವಳ ಹೆಗಲು ಒಂದೊಂದೇ ಇಂಚು ಕೆಳಗಿಳಿಯಿತು. ಒಂದು ಸ್ಕೂಟರನ್ನು ಸುತ್ತಿ ಮುಂದೆ ಹೋಗಿ, ತನಗೇ ಆಶ್ಚರ್ಯವಾಗಿ, "ಹೇ!" ಅಂದಳು.

ನಾನು ಮೊದಲೇ ಷೋರೂಮಿಗೆ ಬಂದು, ಮೆಟ್ಟಿಲ ಮೇಲೆ ಪೆನ್ನು ಹಿಡಿದು ಕೂತಿದ್ದೇನೆ. ಮೂರು ಅಂತ್ಯ ತಂದಿದ್ದೇನೆ, ಬೇಸ್, ಮಿಡ್, ಟಾಪ್ ಎಂಡ್. ಬೇಸ್: ಅವಳು ಸುಮ್ಮನೆ ಬಂದು ಕಾರು ನಿಲ್ಲಿಸುತ್ತಾಳೆ. ಮಿಡ್: ನಿಲ್ಲಿಸಿ, ಫೈಲಿನ ಪತ್ರ ಹರಿಯುತ್ತಾಳೆ. ಟಾಪ್ ಎಂಡ್: ಹರಿಯುತ್ತಾಳೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಓದುಗರು ಕಣ್ಣೊರೆಸಿಕೊಳ್ಳುತ್ತಾರೆ. ನಿಮಗೆ ಬೇಕಾದ್ದು ಆರಿಸಿಕೊಳ್ಳಿ ಅನ್ನಬೇಕು ಅಂತಿದ್ದೆ.

ಅಷ್ಟರಲ್ಲಿ ಕಾರು ಕಂಡಿತು. ಎಡಕ್ಕೆ ತಿರುಗಬೇಕು. ದೀಪ ಮಿನುಗಲಿಲ್ಲ. ನನ್ನ ಮುಂದೆಯೇ, ಐವತ್ತನ್ನು ಒಂದಿಷ್ಟೂ ಮೀರದೆ, ನೆಟ್ಟಗೆ ಹೊರಟುಹೋಯಿತು. ಕಿಟಕಿ ತೆರೆದಿತ್ತು, ಮಾತು ಕೇಳಿಸಿತು.

"ತಿರುಗಬೇಕಿತ್ತು ಮೇಡಂ."

"ಹೂಂ."

"ತಿರುಗಿಸ್ಲಾ?"

"ಮುಂದೊಂದು ಏರಿದೆ. ಏರಲ್ಲಿ ನಿಲ್ಸಿ ಹೊರಡೋಕೆ ನಿಂಗೆ ಬರ್ತಿರ್ಲಿಲ್ಲ ಅಲ್ವಾ?"

"ಇಲ್ಲ, ಮೇಡಂ."

"ನಡಿ, ನೋಡೋಣ."

ಮ್ಯಾನೇಜರು ಒಳಗಿಂದ ಬಂದರು. ಖಾಲಿ ರಸ್ತೆ ನೋಡಿದರು, ಗಡಿಯಾರ ನೋಡಿದರು, ನನ್ನನ್ನು ನೋಡಿದರು.

"ಗಾಡಿ ಎಲ್ರೀ? ಯಾವಾಗ ಬರ್ತಾರೆ?"

"ಗೊತ್ತಿಲ್ಲ ಸಾರ್," ಅಂದೆ. "ನಾನು ಬರೆಯೋನು ಮಾತ್ರ. ಓಡಿಸ್ತಿರೋದು ಅವಳು."