ರಾಮವ್ವನ ಸಾಕ್ಷಿ

ಮಾಳಪ್ಪ ಪ್ರಾರ್ಥನೆಗೆ ನಿಂತರೆ ಅವನ ದನಿ ಓಣಿಯ ಕೊನೆಯವರೆಗೂ ಕೇಳುತ್ತಿತ್ತು. ಸಿರಸಂಗಿಯಾಚೆಯ ಆ ಸಣ್ಣ ಊರಿನಲ್ಲಿ ಹಿಟ್ಟಿನ ಗಿರಣಿ ಅವನದೊಂದೇ. ಭಾನುವಾರ ಗಿರಣಿ ನಿಲ್ಲಿಸಿ, ಪಡಸಾಲೆಯಲ್ಲಿ ಜಮಖಾನೆ ಹಾಸಿ, ಏಳೆಂಟು ಮನೆಯವರನ್ನು ಕೂಡಿಸಿಕೊಂಡು ಯೇಸುವಿನ ಮಾತು ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಅಳುತ್ತಿದ್ದ. ಆ ಅಳು ಕಂಡರೆ ಹೆಂಡತಿ ಮಹಾನಂದಾಳಿಗೆ ಹೆಮ್ಮೆ. ಇಂಥ ಗಂಡ ಯಾರಿಗಿದ್ದಾನೆ ಎಂದುಕೊಳ್ಳುತ್ತಿದ್ದಳು.

ಎಲ್ಲರಿಗಿಂತ ಹಿಂದೆ ಗೋಡೆಗೆ ಆತು ಕೂರುವವಳು ರಾಮವ್ವ. ಇದ್ದೊಬ್ಬ ಮಗನನ್ನು ಮಣ್ಣು ಮಾಡಿದ ಮುದುಕಿ. ಮುರಿದ ಬಲಗೈ ನೆಟ್ಟಗೆ ಕೂಡಿರಲಿಲ್ಲ. ಒಂದು ಹಾಡೂ ಅವಳಿಗೆ ಬಾಯಿಪಾಠ ಬರಲಿಲ್ಲ. ಪ್ರಾರ್ಥನೆಯ ನಡುವೆ ತೂಕಡಿಸುತ್ತಿದ್ದಳು. ಉಳಿದವರನ್ನೆಲ್ಲ ಮಲಪ್ರಭೆಗೆ ಕರೆದೊಯ್ದು ದೀಕ್ಷಾಸ್ನಾನ ಮಾಡಿಸಿದಾಗ ಮಾಳಪ್ಪ ಅವಳೊಬ್ಬಳನ್ನು ಬಿಟ್ಟಿದ್ದ. ಮುದುಕಿಯ ನಂಬಿಕೆ ಇನ್ನೂ ಬಲಿತಿಲ್ಲ ಎಂದಿದ್ದ.

ಕಳೆದ ವರ್ಷ ಸುಗ್ಗಿ ಮುಗಿದ ಮೇಲೆ ಊರ ಹಿರಿಯರು ಇವರನ್ನೆಲ್ಲ ಗುಡಿಯ ಮುಂದೆ ಕರೆಸಿದರು. ಹಿರಿಯ ಸಂಗಪ್ಪ ದನಿ ಏರಿಸದೆ ಮಾತಾಡಿದ. ಯೇಸುವನ್ನು ಬಿಟ್ಟೆವು ಎಂದು ಕಾಯಿ ಒಡೆದು ಮನೆಗೆ ಹೋಗಬಹುದು. ಒಲ್ಲೆ ಎನ್ನುವವರಿಗೆ ಊರಲ್ಲಿ ಕೂಲಿಯಿಲ್ಲ, ಅಂಗಡಿಯಿಲ್ಲ, ಸತ್ತರೆ ಹೆಗಲು ಕೊಡುವವರೂ ಇಲ್ಲ ಎಂದ.

ಮೊದಲು ಎದ್ದವನು ಮಾಳಪ್ಪ. ತಿಳಿಯದೆ ಹೋಗಿದ್ದೆವು ಎಂದು ಕೈಮುಗಿದು ಕಾಯಿ ಒಡೆದ. ಅವನ ಹಿಂದೆಯೇ ಮಹಾನಂದಾ ಹಣೆಯೊಡ್ಡಿ ಕುಂಕುಮ ಹಚ್ಚಿಸಿಕೊಂಡಳು. ಒಬ್ಬೊಬ್ಬರಾಗಿ ಎಲ್ಲರೂ ಮುಗಿಸಿದರು. ರಾಮವ್ವ ಮಾತ್ರ ಕುಳಿತಲ್ಲೇ ಕುಳಿತಿದ್ದಳು.

"ಬಿಟ್ಟೆ ಅಂತ ಹ್ಯಾಂಗ ಅನ್ನಲಿ?" ಎಂದಳು. "ನನ್ನ ಮಗಾ ಸತ್ತಾಗ ಅಂವಾ ಬಂದು ಮಗ್ಗಲಾಗ ಕುಂತಾ. ಈಗ ಹೊರಗ ಹೋಗು ಅನ್ನಲೇನು?"

ಯಾರೋ ನಕ್ಕರು. ಮಾಳಪ್ಪನೂ ನಕ್ಕದ್ದನ್ನು ಮಹಾನಂದಾ ಕಂಡಳು.

ಮುಂದಿನ ವಾರ ರಾಮವ್ವ ಜೋಳದ ಚೀಲ ಎಡಗೈಯಲ್ಲಿ ಹಿಡಿದು ಗಿರಣಿಗೆ ಬಂದಳು. ಬೆಲ್ಟು ತಿರುಗುತ್ತಿರುವಾಗಲೇ ಮಾಳಪ್ಪ ಗಿರಣಿ ಕೆಟ್ಟಿದೆ ಎಂದ. ಅವಳು ತಿರುಗುವ ಬೆಲ್ಟನ್ನೊಮ್ಮೆ ನೋಡಿ, ಹಿಟ್ಟಿನ ಮಾತು ಬಿಟ್ಟು ಬೇರೆಯದನ್ನೇ ಕೇಳಿದಳು.

"ಆತು ಬಿಡು. ನನಗ ದೀಕ್ಷಾಸ್ನಾನರ ಕೊಡತಿಯೇನೋ ಮಾಳಪ್ಪಾ?"

ಸರದಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಾಳಪ್ಪನ ಮುಖ ಕಪ್ಪಿಟ್ಟಿತು. ಅವಳ ಕೈಯಿಂದ ಚೀಲ ಕಸಿದು ಜೋಳವನ್ನು ರಸ್ತೆಗೆ ಸುರುವಿದ. ಕೋಳಿಗಳು ಮುತ್ತಿಕೊಂಡವು. ಮುದುಕಿ ಕುಕ್ಕರಗಾಲಲ್ಲಿ ಕುಳಿತು ಮಣ್ಣಿನೊಳಗಿನ ಕಾಳು ಬಳಿದುಕೊಳ್ಳತೊಡಗಿದಳು. ಹೊಸ್ತಿಲಲ್ಲಿ ನಿಂತಿದ್ದ ಮಹಾನಂದಾ ಕೆಳಗಿಳಿಯಲಿಲ್ಲ.

ಬೀಸುವ ಕೈಯಿಲ್ಲದ ರಾಮವ್ವ ಜೋಳವನ್ನು ಇಡಿಯಾಗಿಯೇ ಬೇಯಿಸಿಕೊಂಡು ತಿಂದಳು. ಒಂದು ಸಂಜೆ ಮಹಾನಂದಾ ಸೆರಗಿನಡಿ ಎರಡು ರೊಟ್ಟಿ ಮುಚ್ಚಿಕೊಂಡು ಹೋದಳು. ರಾಮವ್ವ ರೊಟ್ಟಿ ಮುಂದಿಟ್ಟುಕೊಂಡು ಕಣ್ಣು ಮುಚ್ಚಿ, ತಪ್ಪುತಪ್ಪಾದ ಮಾತಲ್ಲಿ ಮಾಳಪ್ಪನನ್ನು ಚೆನ್ನಾಗಿಡು ಎಂದು ಬೇಡಿಕೊಂಡಳು. ಮಹಾನಂದಾಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಮುದುಕಿ ಬಯ್ದಿದ್ದರೆ ಮರುದಿನವೂ ಹೋಗುತ್ತಿದ್ದಳೇನೋ. ಮತ್ತೆಂದೂ ಆ ಕಡೆ ಹಾಯಲಿಲ್ಲ.

ಬೇಸಿಗೆಯಲ್ಲಿ ರಾಮವ್ವ ಸತ್ತಳು. ವಾಸನೆ ಬಂದ ಮೇಲೆಯೇ ಊರಿಗೆ ತಿಳಿದದ್ದು. ಪಂಚಾಯ್ತಿಯ ಕಸದ ಟ್ರ್ಯಾಕ್ಟರಿನಲ್ಲಿ ಒಯ್ದು ಗುಡ್ಡದ ಕೆಳಗೆ ಹೂತರು. ಆ ಹೊತ್ತಿಗೆ ಮಾಳಪ್ಪ ಗಿರಣಿ ನಡೆಸುತ್ತಿದ್ದ.

ಆದರೂ ಊರು ಅವನನ್ನು ನಂಬಲಿಲ್ಲ. ಹಿಂದಿನಿಂದ ಪಾದ್ರಿ ಎಂದೇ ಆಡಿಕೊಂಡಿತು. ಕೊನೆಗೆ ಗಿರಣಿ ಮಾರಿ, ಹೆಂಡತಿಯನ್ನು ಕರೆದುಕೊಂಡು ರಾಮದುರ್ಗಕ್ಕೆ ಬಂದ. ಅಲ್ಲಿ ನೇಕಾರರ ಓಣಿಯಲ್ಲಿ ಮನೆ ಹಿಡಿದು ಮತ್ತೆ ಪ್ರಾರ್ಥನೆ ಶುರುಮಾಡಿದ. ದನಿ ಹಾಗೆಯೇ ಇತ್ತು. ಮಂದಿ ಕೂಡಿದರು.

ಒಂದು ಭಾನುವಾರ ಅವನು ಎಲ್ಲರ ಮುಂದೆ ತನ್ನ ನಂಬಿಕೆಯ ಸಾಕ್ಷಿ ಹೇಳಿದ. ಗುಡಿಯ ಮುಂದೆ ಊರೆಲ್ಲ ಕೂಡಿದ್ದನ್ನು, ಎಲ್ಲರೂ ಕಾಯಿ ಒಡೆದಾಗ ತಾನೊಬ್ಬನೇ ಒಲ್ಲೆನೆಂದದ್ದನ್ನು, ಹಿಟ್ಟಿಲ್ಲದೆ ಗಂಡಹೆಂಡಿರು ಬೇಯಿಸಿದ ಜೋಳ ತಿಂದದ್ದನ್ನು ಹೇಳಿದ. ಅಳು ಸುಳ್ಳಾಗಿರಲಿಲ್ಲ, ಗದ್ದದಿಂದ ನೀರು ತೊಟ್ಟಿಕ್ಕುತ್ತಿತ್ತು.

ಹೆಂಗಸರ ಸಾಲಿನಲ್ಲಿ ಪಕ್ಕದಲ್ಲಿದ್ದ ಗಂಗಾ ಎಂಬ ನೇಕಾರರ ಸೊಸೆ ಕಣ್ಣೊರೆಸಿಕೊಂಡು ಮಹಾನಂದಾಳ ಕೈ ಹಿಡಿದಳು. "ಅಕ್ಕಾರ, ನೀವೂ ಅವರ ಜೋಡಿ ಗಟ್ಟಿ ನಿಂತ್ರಿ ಹೌದಲ್ರಿ?"

ಮಹಾನಂದಾ ಮುಂದೆ ನಿಂತ ಗಂಡನನ್ನು ನೋಡಿದಳು. ಅವನೂ ಇವಳನ್ನೇ ನೋಡುತ್ತಿದ್ದ.

"ಹೌದ್ರಿ," ಎಂದಳು. ಸೆರಗನ್ನು ತಲೆಯ ಮೇಲೆಳೆದುಕೊಂಡು, ಎಲ್ಲರ ಜೊತೆ ಹಾಡತೊಡಗಿದಳು.