ಸಾರಂಗ ಹೊರುವ ಕುದುರೆ

"ಏಯ್ ಫಾರ್ಕರ್, ನಿನ್ನ ತಿಕ ಒಂಚೂರು ಆ ಕಡೆ ತಿರುಗಿಸ್ಕೊಳೋ. ದೊರೆಗಳಿಗೆ ಸಾರಂಗ ಕಾಣ್ತಿಲ್ಲ."

ಹೀಗೆಂದವನು ಮೇಜರ್ ಧಣಿಯ ಪಾರುಪತ್ಯಗಾರ ಪ್ರಿಂಗಲ್. ಫಾರ್ಕರ್ ಆಗ ಮೊಣಕೈವರೆಗೂ ಸಾರಂಗದ ಹೊಟ್ಟೆಯೊಳಗಿದ್ದ. ಚಾಕುವಿನ ಮೊನೆ ಹೊಟ್ಟೆಚೀಲಕ್ಕೆ ತಾಗಿದರೆ ಮಾಂಸವೆಲ್ಲ ಹಾಳು. ಅದಕ್ಕೇ ಕೈ ಹೊರಗೆ ತೆಗೆಯದೆ, ಮಂಡಿಯ ಮೇಲೆ ಏಡಿಯಂತೆ ಸರಿಯುತ್ತ ಆಚೆ ಬದಿಗೆ ಹೋಗಿ ಕೂತ.

ದೊರೆ ಎಂದರೆ ಸರ್ ಹೊರೇಸ್. ಲಂಡನ್ನಿನ ಕಡೆಯ ಸಾಬೂನು ಕಾರ್ಖಾನೆಯವನು, ಧಣಿಯ ಅತಿಥಿ. ಇದು ಅವನ ಮೊದಲ ಸಾರಂಗ. ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಬಂದೂಕು ಬಗಲಲ್ಲಿಟ್ಟುಕೊಂಡು ನೋಡುತ್ತಿದ್ದ.

ಫಾರ್ಕರ್, ಅವನ ಭಾವಮೈದ ಟಾರ್ಕಿಲ್, ಕುದುರೆ ಹಿಡಿದು ನಿಂತ ನಾನು, ಮೂವರೂ ಧಣಿಯ ಗೇಣಿದಾರರು. ಸ್ಕಾಟ್ಲೆಂಡಿನ ನಮ್ಮ ಸೀಮೆಯಲ್ಲಿ ಗುಡ್ಡ ಧಣಿಯದು, ಸಾರಂಗವೂ ಧಣಿಯದು. ಅದು ಕೆಳಗಿಳಿದು ನಮ್ಮ ಓಟ್ಸ್ ಪೈರು ಮೇಯ್ದರೆ ನಾವು ಕಲ್ಲೆಸೆಯುವಂತಿರಲಿಲ್ಲ. ಹಿಂದಿನ ವರ್ಷ ಟಾರ್ಕಿಲ್‌ನ ನಾಯಿ ಒಂದು ಸಾರಂಗಕ್ಕೆ ಬೊಗಳಿತೆಂದು ಪ್ರಿಂಗಲ್ ನಾಯಿಯನ್ನೇ ಗುಂಡಿಟ್ಟು ಕೊಲ್ಲಿಸಿದ. ಬೊಗಳಿದರೆ ಸಾರಂಗದ ಮನಸ್ಸು ಕೆಡುತ್ತದಂತೆ. ಮನಸ್ಸು ಕೆಟ್ಟ ಸಾರಂಗ ಅತಿಥಿಗಳ ಗುಂಡಿಗೆ ಸಿಗುವುದಿಲ್ಲವಂತೆ.

ಫಾರ್ಕರ್ ಹೊಟ್ಟೆಚೀಲವನ್ನು ಹೊರಗೆಳೆದ. ಅದು ಹಬೆಯಾಡುತ್ತ ಹುಲ್ಲಿನ ಮೇಲೆ ಜಾರಿತು. ದೂರಕ್ಕೆ ಎಳೆದು ಚಾಕುವಿನಿಂದ ಸೀಳಿ ನೋಡಿದ. ಹಸಿರು ಗಂಜಿಯ ನಡುವೆ ತೆನೆಯ ಹೊಟ್ಟು ಕಂಡಿತು.

"ಟಾರ್ಕಿಲ್, ಬಾರ್ಲಾ, ನನ್ನ ಹೊಲ ಇಲ್ಲೈತೆ ನೋಡು," ಎಂದ, ನಮ್ಮ ಮಾತಿನಲ್ಲಿ.

ನಮ್ಮ ಮಾತು ಪ್ರಿಂಗಲ್‌ಗೆ ಬಾರದು. ಏನು ಗೊಣಗುತ್ತಿದ್ದಾನೆ ಎಂದು ಕೇಳಿದ. ಸಾರಂಗ ಚೆನ್ನಾಗಿ ಕೊಬ್ಬಿದೆ ಅಂತಿದ್ದಾನೆ ಎಂದು ಟಾರ್ಕಿಲ್ ಹೇಳಿದ. ಪ್ರಿಂಗಲ್‌ಗೆ ಖುಷಿಯಾಯಿತು. ಪಿತ್ತಜನಕಾಂಗ, ಹೃದಯ ಎರಡನ್ನೂ ಜೋಪಾನವಾಗಿ ತೆಗೆದಿಡಬೇಕು, ಧಣಿಯ ನಾಯಿಗಳಿಗೆ ಬೇಕು ಎಂದು ತಾಕೀತು ಮಾಡಿದ. ಫಾರ್ಕರ್ ಮತ್ತೆ ಸಾರಂಗದ ಆಚೆ ಬದಿಗೇ ಬಂದು ಕೂತು ಅವನ್ನು ಬಿಡಿಸಿ ತೆಗೆದಿಟ್ಟ.

ಕೆಳಗೆ ಬಂಗಲೆಯ ಅಂಗಳದಲ್ಲಿ ಪಟ್ಟಣದ ಫೋಟೋದವನು ಕಾಯುತ್ತಿದ್ದ. ಸರ್ ಹೊರೇಸನಿಗೆ ಫೋಟೋದಲ್ಲಿ ಹೇಗೆ ನಿಲ್ಲಬೇಕೆಂಬ ಚಿಂತೆ. ಸಾರಂಗದ ಕತ್ತಿನ ಮೇಲೆ ಒಂದು ಕಾಲಿಟ್ಟು ನೋಡಿದ. ಸರಿಯೆನಿಸಲಿಲ್ಲ. ಕಾಲು ಬದಲಿಸಿದ. ಬೂಟು ಜಾರಿತು, ಬಂದೂಕು ಢಂ ಎಂದಿತು.

ಫಾರ್ಕರ್ ಏನೋ ಮರೆತದ್ದು ನೆನಪಾದವನಂತೆ ಹಿಂದಕ್ಕೆ ಕೂತುಬಿಟ್ಟ.

ಪ್ರಿಂಗಲ್ ಓಡಿಬಂದ. ಸೀದಾ ಸಾರಂಗದ ಬಳಿಗೆ. ಕೊಂಬಿನ ಒಂದೊಂದು ಕವಲನ್ನೂ ಸವರಿದ, ಚರ್ಮವನ್ನು ತಿರುವಿ ನೋಡಿದ. ಸದ್ಯ, ಏನೂ ಆಗಿಲ್ಲ ಎಂದು ಉಸಿರುಬಿಟ್ಟ ಮೇಲೆ ಫಾರ್ಕರ್‌ನ ತೊಡೆಯಿಂದ ಹರಿಯುತ್ತಿದ್ದುದು ಅವನ ಕಣ್ಣಿಗೆ ಬಿತ್ತು.

"ನೀನ್ಯಾಕೋ ಅಲ್ಲಿ ಹೋಗಿ ಕೂತೆ?"

"ನೀವೇ ಆ ಕಡೆ ಹೋಗು ಅಂದ್ರಲ್ಲ ಸೋಮಿ."

ಸಾರಂಗದ ಅನ್ನನಾಳ ಕಟ್ಟಲು ತಂದಿದ್ದ ದಾರ ಇತ್ತು. ನಾನು ಅಂಗಿ ಹರಿದು ಗಾಯಕ್ಕೆ ತುರುಕಿದೆ, ಟಾರ್ಕಿಲ್ ದಾರ ಬಿಗಿದ. ಸರ್ ಹೊರೇಸ್ ಬಂದೂಕು ಕೆಳಗಿಟ್ಟ. ತಾನು ಯಾರಿಗಾದರೂ ಕ್ಷಮೆ ಕೇಳಬೇಕೇ ಎಂದು ಪ್ರಿಂಗಲ್‌ನನ್ನು ವಿಚಾರಿಸಿದ. ಅಂಥ ಅಗತ್ಯವೇನಿಲ್ಲ ಎಂದು ಪ್ರಿಂಗಲ್ ಸಮಾಧಾನ ಮಾಡಿದ. ಮೊದಲ ಬೇಟೆಯಾಡಿದವನ ಹಣೆಗೆ ಸಾರಂಗದ ರಕ್ತ ಹಚ್ಚುವುದು ವಾಡಿಕೆ. ದೊರೆಯ ಮನಸ್ಸು ಬೇರೆ ಕಡೆ ತಿರುಗಲೆಂದು ಪ್ರಿಂಗಲ್ ಬಗ್ಗಿ, ಹತ್ತಿರದಲ್ಲಿ ಒದ್ದೆಯಾಗಿದ್ದ ಬಂಡೆಗೆ ಬೆರಳದ್ದಿ, ಅವನ ಹಣೆಗೂ ಎರಡು ಕೆನ್ನೆಗೂ ಬಳಿದ. ಸಾರಂಗದ ರಕ್ತ ಬಸಿದದ್ದು ಇಳಿಜಾರಿನ ಇನ್ನೊಂದು ಬದಿಗೆ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸರ್ ಹೊರೇಸ್ ಪ್ರಿಂಗಲ್‌ನ ಕೈ ಕುಲುಕಿದ.

ಇದ್ದದ್ದು ಒಂದೇ ಕುದುರೆ. ಬೆಳಕು ಇಳಿಯುತ್ತಿತ್ತು, ಗುಡ್ಡದ ನೆತ್ತಿಯಿಂದ ಮಂಜು ಬರುತ್ತಿತ್ತು. ಪ್ರಿಂಗಲ್ ತೀರ್ಮಾನ ಕೊಟ್ಟ. ಬೆಳಕು ಹೋದರೆ ಫೋಟೋ ಆಗದು, ಸಾರಂಗ ಮೊದಲು ಇಳಿಯಲಿ. ಕುದುರೆ ವಾಪಸು ಬರುವವರೆಗೆ ಫಾರ್ಕರ್ ಇಲ್ಲೇ ಮಲಗಿರಲಿ, ಹೇಗೂ ಕೂಲಿಯ ಹೊತ್ತು ಮುಗಿಯಿತು. ಇಷ್ಟು ಹೇಳಿ, ಚಳಿಗೆ ಹಲ್ಲು ಕಟಕಟಿಸುತ್ತಿದ್ದ ದೊರೆಯ ತೋಳು ಹಿಡಿದು ಕೆಳಗಿಳಿದ.

ನಾನು ಸಾರಂಗದ ಮುಂಗಾಲು ಹಿಡಿದೆ, ಟಾರ್ಕಿಲ್ ಹಿಂಗಾಲು ಹಿಡಿದ. ಇಬ್ಬರೂ ಬಾಗಿದೆವು. ಎತ್ತಲಿಲ್ಲ.

"ಹೊರ್ಸ್ರಲಾ ಅದನ್ನ," ಎಂದ ಫಾರ್ಕರ್. ತುಟಿ ಬೆಳ್ಳಗಾಗಿತ್ತು. "ಇಲ್ದಿದ್ರೆ ಆ ಬೋಳಿಮಗ ನಿಮ್ಮ ಮನೆ ಸೂರು ಕಿತ್ತಾಕ್ತಾನೆ. ಮಕ್ಳು ಮರಿ ಅವ್ರೆ ನಿಮ್ಗೆ."

ಅವನು ಹೇಳಿದ್ದು ಸುಳ್ಳಲ್ಲ. ಹಾಗೆ ಸೂರು ಕಿತ್ತ ಮನೆಗಳ ಗೋಡೆಗಳು ನಮ್ಮ ಕಣಿವೆಯಲ್ಲಿ ಬೇಕಾದಷ್ಟಿದ್ದವು. ನಾನು ನಿಜಕ್ಕೂ ಹೆದರಿದ್ದೆ.

ಟಾರ್ಕಿಲ್ ಹಿಂಗಾಲು ಕೈಬಿಟ್ಟ. "ಸತ್ತಿರೋದಕ್ಕೆ ಏನ್ಲಾ ಅವಸರ?" ಎಂದ.

ಸಾರಂಗ ಕಟ್ಟುವ ಪಟ್ಟಿಗಳಿಂದಲೇ ಫಾರ್ಕರ್‌ನನ್ನು ಜೀನಿಗೆ ಬಿಗಿದೆವು. ಹೊರಡುವ ಮುನ್ನ ಟಾರ್ಕಿಲ್ ನಾಯಿಗಳ ಪಾಲನ್ನು ತನ್ನ ಚೀಲಕ್ಕೆ ಹಾಕಿಕೊಂಡ. ಹುಟ್ಟಿದಾಗಿನಿಂದ ಹೆಣವನ್ನೇ ಹೊತ್ತು ರೂಢಿಯಾಗಿದ್ದ ಕುದುರೆ, ಬೆನ್ನ ಮೇಲಿನದು ಧಣಿಯ ವಂಶವನ್ನೆಲ್ಲ ಹೆಸರು ಹಿಡಿದು ಬೈಯತೊಡಗಿದಾಗ ಕಿವಿ ನಿಮಿರಿಸಿ ಎರಡು ಸಲ ಹಿಂತಿರುಗಿ ನೋಡಿತು.

ಬಂಗಲೆಯ ತಿರುವಿಗೆ ಬಂದಾಗ ಇನ್ನೂ ಮಬ್ಬು ಬೆಳಕಿತ್ತು. ಕುದುರೆ ಕಂಡೊಡನೆ ಮುದುಕ ಲಾಕ್ಲನ್, ಧಣಿಯ ಊಳಿಗದ ವಾದ್ಯಗಾರ, ರೂಢಿಯಂತೆ ಬ್ಯಾಗ್‌ಪೈಪಿನಲ್ಲಿ ಸತ್ತ ಸಾರಂಗದ ರಾಗ ಊದತೊಡಗಿದ. ಮೆಟ್ಟಿಲ ಮೇಲಿನ ಹೆಂಗಸರು ಚಪ್ಪಾಳೆ ತಟ್ಟಿದರು. ಫೋಟೋದವನು ಕರಿಬಟ್ಟೆಯೊಳಗೆ ತಲೆ ತೂರಿಸಿದ. ಸರ್ ಹೊರೇಸ್ ಹಣೆಯ ರಕ್ತ ಒರೆಸಿಕೊಳ್ಳದೆ, ಒಂದು ಕಾಲು ಮುಂದಿಟ್ಟು ಸಿದ್ಧನಾಗಿ ನಿಂತಿದ್ದ.

ಹತ್ತಿರ ಬಂದಂತೆ ಚಪ್ಪಾಳೆ ಒಂದೊಂದಾಗಿ ನಿಂತಿತು. ಮೇಜರ್ ಧಣಿ ಕನ್ನಡಕ ಏರಿಸಿ ಫಾರ್ಕರ್‌ನ ತಲೆಯ ಮೇಲೆ ಕೊಂಬು ಹುಡುಕಿದ. ಸಾರಂಗವೆಲ್ಲಿ ಎಂದು ಪ್ರಿಂಗಲ್ ಅಬ್ಬರಿಸಿದ.

ಫಾರ್ಕರ್ ತಲೆಯೆತ್ತಿದ. "ಈವತ್ತಿನ ಬೇಟೆ ನಾನೇಯ ಧಣಿ. ಹೊಟ್ಟೆ ಮಾತ್ರ ಇನ್ನೂ ಸೀಳಿಲ್ಲ. ಬೇಕಾದ್ರೆ ನೀವೇ ಸೀಳಿ. ನಿಮ್ಮ ಸಾರಂಗ ತಿಂದು ಮಿಕ್ಕಿದ್ದೇನಾರ ಇದ್ರೆ ಸಿಕ್ತದೆ."

ನಾನು ಕುದುರೆಯನ್ನು ನಿಲ್ಲಿಸಲಿಲ್ಲ. ವೈದ್ಯನಿದ್ದದ್ದು ಬಂದರಿನಲ್ಲಿ. ಮೆಟ್ಟಿಲು ದಾಟಿ ಗೇಟಿನ ಕಡೆಗೆ ನಡೆಸಿದೆ. ವಾದ್ಯ ನಿಲ್ಲಿಸು ಎಂದು ಪ್ರಿಂಗಲ್ ಲಾಕ್ಲನ್‌ಗೆ ಕೂಗಿದ. ಲಾಕ್ಲನ್ ನಿಲ್ಲಿಸಲಿಲ್ಲ. ಊದುತ್ತಲೇ ಬಂದು ಕುದುರೆಯ ಮುಂದೆ ನಡೆಯತೊಡಗಿದ.

ಗೇಟು ದಾಟಿದ ಮೇಲೆ ಫಾರ್ಕರ್ ನನ್ನ ಹೆಗಲು ತಟ್ಟಿದ. ಅಂಗೈ ತಣ್ಣಗಿತ್ತು.

"ಆ ಮುದುಕಂಗೆ ಬೇರೆ ಏನಾರ ನುಡಿಸಾಕೆ ಹೇಳ್ಲಾ. ಇದು ಸತ್ತೋರದ್ದು."

ಲಾಕ್ಲನ್‌ಗೆ ಹೇಳಿದೆ. ಅವನು ಒಂದು ಕ್ಷಣ ಉಸಿರೆಳೆದುಕೊಂಡು ಮದುವೆ ಕುಣಿತದ ರಾಗ ಹಿಡಿದ. ಬಂದರಿನ ದಾರಿ ಇನ್ನೂ ದೂರವಿತ್ತು.